ಗುಮ್ಮಟದ ಅಚ್ಚು

ಹದಿಮೂರನೆಯ ದಿನದ ಊಟ ಮುಗಿದು, ಸೊಲ್ಲಾಪುರದ ಕಾಕಾ ಎಲ್ಲರಿಗಿಂತ ಕೊನೆಗೆ ರೈಲು ಹತ್ತಿದ ಮೇಲೆ ಕಲಬುರಗಿಯ ಬ್ರಹ್ಮಪುರ ಓಣಿಯ ಆ ಮನೆಯಲ್ಲಿ ಇಬ್ಬರೇ ಉಳಿದರು: ಜಾನಕೀಬಾಯಿ ಮತ್ತು ಅವರ ಸೊಸೆ ಯಮುನಾ. ಮರುದಿನ ಬೆಳಿಗ್ಗೆ ಐದೂವರೆಗೆ ನಳದ ನೀರು ಬಂತು. ಯಾರ ಮನೆಯಲ್ಲಿ ಏನೇ ಆಗಿರಲಿ, ಕಲಬುರಗಿಯ ನಳ ತನಗೆ ತಿಳಿದಾಗ ಬರುತ್ತದೆ, ಬಂದಾಗ ಹಿಡಿಯಬೇಕು. ಯಮುನಾ ಎದ್ದು ಹಿಡಿದಳು. ಕೊಡ ತುಂಬಿತು, ಹಂಡೆ ತುಂಬಿತು, ಬಕೆಟ್ಟೂ ತುಂಬಿತು. ಆಮೇಲೆ ನೀರು ತನ್ನ ಪಾದದ ಮೇಲೆ ಹರಿದು ಅಂಗಳ ದಾಟಿ ಓಣಿಗೆ ಹೊರಟಿದ್ದು ಅವಳಿಗೆ ತಿಳಿಯಲಿಲ್ಲ.

"ಯಮುನಾ, ನಳಾ ಬಂದ್ ಮಾಡು. ಓಣಿಗೆಲ್ಲಾ ನೀರು ಕೊಡೋ ಗುತ್ತಿಗಿ ಹಿಡದೀಯೇನು?" ಒಳಗಿನಿಂದ ಜಾನಕೀಬಾಯಿ ಕೂಗಿದರು.

ಯಮುನಾಳ ಗಂಡ ಮುಕುಂದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ. ವಯಸ್ಸು ಮೂವತ್ತೆರಡು. ದೀಪಾವಳಿಯ ಹಿಂದಿನ ವಾರ ಜ್ವರವೆಂದು ಮಲಗಿದವನು ಆರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಯಮುನಾ ಇನ್ನೂ ಅತ್ತಿರಲಿಲ್ಲ. ಬಂದವರೆಲ್ಲ ಅವಳ ಮುಖ ನೋಡಿ ತಾವೇ ಅತ್ತು, ಊಟ ಮಾಡಿ ಹೋಗಿದ್ದರು. ಅವಳಿಗೆ ಎಲ್ಲವೂ ಗಾಜಿನ ಆಚೆ ನಡೆದಂತೆ ಇತ್ತು.

ಎಂಟು ಗಂಟೆಗೆ ಬಾಗಿಲು ಬಡಿದವನು ಮಾತ್ರ ಅಳಲು ಬಂದಿರಲಿಲ್ಲ. ಬಿಳಿ ಪಟಕ ಸುತ್ತಿದ ನಡುವಯಸ್ಸಿನ ಒಕ್ಕಲಿಗ, ಹೆಗಲ ಮೇಲೆ ಕೆಂಪು ಬಾಳೆಯ ಗೊನೆ, ಮುಖದ ತುಂಬ ನಗೆ.

"ಮುಕುಂದರಾವ್ ಸರ್ ಅದಾರೇನ್ರಿ? ನಾ ಕಮಲಾಪುರದ ದೌಲಪ್ಪ."

ಯಮುನಾ ಬಾಗಿಲಲ್ಲೇ ನಿಂತಳು. ಈ ಮಾತನ್ನು ಇದುವರೆಗೆ ಅವಳೇ ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಜಾನಕೀಬಾಯಿ ಹಿಂದೆ ಬಂದು, "ಅವಾ ಹೋಗಿ ಹದಿನಾಲ್ಕು ದಿನಾ ಆತಪ್ಪಾ" ಎಂದರು. ದೌಲಪ್ಪ ಗೊನೆಯನ್ನು ನೆಲಕ್ಕಿಳಿಸಿದ. ಪಟಕ ತೆಗೆದು ಕೈಯಲ್ಲಿ ಹಿಡಿದ. ಕಡೆಗೆ, "ಹಂಗಾರ ನಾ ಬರ್ತೀನ್ರಿ ಬಾಯಾರ" ಎಂದು ತಿರುಗಿದ.

"ನಿಲ್ಲು. ಬಂದ ಕೆಲಸಾ ಹೇಳಿ ಹೋಗು."

"ಏನಿಲ್ರಿ. ಸುಮ್ನ."

"ಸುಮ್ನ ಯಾರಪ್ಪಾ ಬಸ್ಸಿನ್ಯಾಗ ಬಾಳಿಗೊನಿ ಹೊತಗೊಂಡು ಬರತಾರ?"

ದೌಲಪ್ಪ ಪಟಕವನ್ನು ಹಿಂಡುತ್ತ ಹೇಳಿದ. ನಾಲ್ಕು ತಿಂಗಳ ಹಿಂದೆ ಸರ್ ಅವರ ಮನೆಗೆ ಬಂದಿದ್ದರು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ, ಅಂದರೆ ಸಕ್ಕರೆ ಪಾಕದ ಗೊಂಬೆಗಳನ್ನು ಎರೆಯುವ ಕಟ್ಟಿಗೆಯ ಅಚ್ಚುಗಳನ್ನು ನೋಡಿ ಹುಚ್ಚರಂತಾಗಿ, ಅದರಲ್ಲಿ ಗುಮ್ಮಟದ ಅಚ್ಚನ್ನು ಹದಿನೈದು ದಿನಕ್ಕೆಂದು ಕೇಳಿ ಒಯ್ದಿದ್ದರು. ಈಗ ದೌಲಪ್ಪನ ಮಗನಿಗೆ ಹುಮನಾಬಾದಿನ ಹೆಣ್ಣು ಗೊತ್ತಾಗಿದೆ. ನಾಲ್ಕು ದಿನಕ್ಕೆ ಹುಣ್ಣಿಮೆ. ಹೆಣ್ಣಿನ ಮನೆಗೆ ಗಂಡಿನ ಕಡೆಯಿಂದ ಸೀರೆ, ಹೂವು, ಸಕ್ಕರೆ ಆರತಿ ಹೋಗಬೇಕು.

"ಆನಿ, ಕುದರಿ, ಒಂಟಿ ಎಲ್ಲಾ ಅವರಿ. ಗುಮ್ಮಟಾ ಇಲ್ರಿ. ನಮ್ಮ ಮನಿಗಿ ಬಂದ ಸೊಸ್ತ್ಯಾರಿಗೆಲ್ಲಾ ಅದೇ ಗುಮ್ಮಟಾ ಹೋಗ್ಯದ. ನಮ್ಮವ್ವ ರೇವಮ್ಮ ಅದು ಬರೂತನಾ ಕಡಾಯಿ ಒಲಿ ಮ್ಯಾಲ ಇಡಂಗಿಲ್ಲ ಅಂತ ಕುಂತಾಳ್ರಿ. ಆದ್ರ ಈಗ ಬ್ಯಾಡ್ರಿ ಬಾಯಾರ. ನಾ ಅವ್ವಗ ಹೇಳ್ತೀನಿ."

"ಏನು ಹೇಳ್ತಿ? ಸತ್ತವಾ ನುಂಗಿಕೊಂಡು ಹೋದಾ ಅಂತೇನು?" ಜಾನಕೀಬಾಯಿ ಸೆರಗು ಬಿಗಿದರು. "ನಾಡದು ಬುಧವಾರದೊಳಗ ಅಚ್ಚು ನಿಮ್ಮ ಮನಿ ಮುಟ್ಟತದ. ಗೊನಿ ವಾಪಸ್ ಒಯ್ಯಿ."

ಗೊನೆಯನ್ನು ಅವನು ಒಯ್ಯಲಿಲ್ಲ.

ಇಬ್ಬರೂ ಮನೆಯೆಲ್ಲ ಹುಡುಕಿದರು. ಮುಕುಂದನ ಟ್ರಂಕಿನಲ್ಲಿ ಹೆಂಚಿನ ಚೂರು, ಸವೆದ ನಾಣ್ಯ, ಹಳೆಯ ಕೋಟೆಯ ನಕಾಶೆಗಳು ಸಿಕ್ಕವು. ಅಚ್ಚು ಸಿಗಲಿಲ್ಲ.

"ಕ್ವಾಟ್ಯಾಗಿನ ಅಂಗಡ್ಯಾಗ ಇರಬೇಕು. ಹೋಗಿ ತೊಗೊಂಡು ಬಾ" ಎಂದರು ಜಾನಕೀಬಾಯಿ.

"ನಾ ಹೋಗೋದೇನ್ರಿ ಅತ್ಯಾ? ಇನ್ನೂ ತಿಂಗಳಾ ಸುದ್ದಾ ಆಗಿಲ್ಲ. ಮಂದಿ…"

"ಮಂದಿ ಏನರೆ ಅಂದ್ರ ನನ್ನ ಕಡೆ ಕಳಸು. ನಿನ್ನ ಮಾವನವರು ಹೋದಾಗಿಂದ, ಇಪ್ಪತ್ತೆಂಟು ವರ್ಷ, ಅವರಿಗೆ ಉತ್ತರಾ ಕೊಟ್ಟು ನನಗ ರೂಢಿ ಆಗ್ಯದ. ಅವಾ ತಂದದ್ದು, ನೀ ಮುಟ್ಟಸಬೇಕು. ಮತ್ತೊಬ್ಬರ ಮನಿ ಶುಭಕಾರ್ಯ ನಮ್ಮ ಕೈಯಾಗ ಸಿಕ್ಕೊಂಡದ."

ಯಮುನಾ ಚಪ್ಪಲಿ ಮೆಟ್ಟಿದಳು.

ಕೋಟೆಯ ಬಾಗಿಲ ಪಕ್ಕದ ಒಂದು ಕೋಣೆಯಲ್ಲಿ ಇತಿಹಾಸ ಮಿತ್ರ ಮಂಡಳಿಯ ಅಂಗಡಿ ಇತ್ತು. ಊರಿನ ಹಳೆಯ ಕಟ್ಟಡಗಳ ಮೇಲೆ ಪ್ರೀತಿಯಿದ್ದ ಒಂಬತ್ತು ಜನ ಸೇರಿ ಕಟ್ಟಿದ ಮಂಡಳಿ ಅದು. ಮುಕುಂದ ಕಾರ್ಯದರ್ಶಿ. ನಿವೃತ್ತ ಡ್ರಾಯಿಂಗ್ ಮಾಸ್ಟರ್ ಬುರ್ಹಾನುದ್ದೀನ್ ಸಾಹೇಬರು ಅಧ್ಯಕ್ಷರು. ಅಂಗಡಿಯಲ್ಲಿ ಕೂರುವವರೂ ಅವರೇ. ಕೋಟೆ ನೋಡಲು ಬಂದವರು ನೆನಪಿಗೆ ಏನಾದರೂ ಕೊಂಡು ಹೋಗಲಿ ಎಂಬುದು ಮುಕುಂದನ ಆಸೆ. ಬಂದವರು ನೆರಳಿಗೆ ಒಳಗೆ ಬಂದು, ನೀರು ಕುಡಿದು, ಬಸ್ಸಿನ ಹೊತ್ತು ಕೇಳಿ ಹೋಗುತ್ತಿದ್ದರು.

ಸಾಮಾನಿಗೇನೂ ಕೊರತೆ ಇರಲಿಲ್ಲ. ತೋಪಿನ ಕೀಚೈನುಗಳಿದ್ದವು, ಎರಡು ದಿನದಲ್ಲಿ ತೋಪು ಕಳಚಿ ಬಿದ್ದು ಬರೀ ಸರಪಳಿ ಉಳಿಯುತ್ತಿತ್ತು. ಕೋಟೆಯ ಚಿತ್ರದ ಬನಿಯನ್ನುಗಳಿದ್ದವು. ಒಂದು ಸಲ ಒಗೆದರೆ ಕೋಟೆ ಹೋಗಿ ಬುರುಜಷ್ಟೇ ಉಳಿಯುತ್ತಿತ್ತು. ಚಿತ್ರದ ಕಾರ್ಡುಗಳಿದ್ದವು. ಅವುಗಳ ಹಿಂದಿನ ಬರಹ ಯಮುನಾಳದು. ಅವಳೂ ಇತಿಹಾಸದಲ್ಲಿ ಎಂ.ಎ. ಹತ್ತು ಸಾಲು ಬರೆದುಕೊಡು ಎಂದು ಮುಕುಂದ ಕೇಳಿದರೆ ಒಂದು ಸಾಲು ಬರೆದುಕೊಡುತ್ತಿದ್ದಳು. 'ಈ ಬಾಗಿಲಿನಿಂದ ಒಳಗೆ ಬಂದವರಿಗಿಂತ ಹೊರಗೆ ಹೋದವರು ಕಡಿಮೆ' ಎಂದು ಒಂದರ ಹಿಂದೆ ಇತ್ತು. "ಇದನ್ನ ಓದಿ ಯಾರು ಕೋಟಿ ಒಳಗ ಬರ್ತಾರ?" ಎಂದು ಅವನು ನಕ್ಕು, ಹಾಗೆಯೇ ಅಚ್ಚು ಹಾಕಿಸಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಯುದ್ದಕ್ಕೂ ಬಿಳಿಯ ಪ್ಲಾಸ್ಟರಿನ ಗುಮ್ಮಟಗಳಿದ್ದವು. ಗೇಣುದ್ದದ, ಚಂದದ ಗುಮ್ಮಟಗಳು. ರೇವಮ್ಮನ ಅಚ್ಚಿನಲ್ಲಿ ಎರೆದವು ಎಂದು ಯಮುನಾಗೆ ಈಗ ಅರ್ಥವಾಯಿತು.

ಬುರ್ಹಾನುದ್ದೀನ್ ಸಾಹೇಬರು ಅವಳನ್ನು ಕಂಡು ಎದ್ದು ನಿಂತರು, ಕುರ್ಚಿ ಒರೆಸಿದರು, ಮತ್ತೆ ಒರೆಸಿದರು.

"ಬೇಟಿ, ನಾನೇ ಬರಬೇಕಾಗಿತ್ತು."

"ಅಚ್ಚು ಎಲ್ಲದರೀ ಸಾಹೇಬ್ರ?"

"ಯಾವ ಅಚ್ಚು?"

"ಈ ಗುಮ್ಮಟಾ ಎರದದ್ದು. ಅದು ನಮ್ಮದಲ್ಲ. ಕಮಲಾಪುರದವರದು. ನಾಲ್ಕು ದಿನಕ್ಕ ಅವರಿಗೆ ಸಕ್ರಿ ಆರತಿಗೆ ಬೇಕು."

ಸಾಹೇಬರ ಮುಖ ಸಾವಕಾಶವಾಗಿ ಬಣ್ಣ ಬಿಟ್ಟಿತು. ಕಾರ್ಡುಗಳು ಗಾಳಿಗೆ ಹಾರದಂತೆ ಮೇಲೆ ಇಟ್ಟಿದ್ದ ಒಂದು ಕಟ್ಟಿಗೆಯ ತುಂಡನ್ನು ತೆಗೆದು ಅವಳ ಕೈಗೆ ಕೊಟ್ಟರು. ಒಳಗೆ ಅರ್ಧ ಗುಮ್ಮಟ ಕೊರೆದಿತ್ತು. ಕೆತ್ತನೆಯ ಗೆರೆಗಳಲ್ಲಿ ಪ್ಲಾಸ್ಟರು ಮೆತ್ತಿಕೊಂಡಿತ್ತು.

"ಇನ್ನರ್ಧ?"

"ಸಕ್ರಿ ಆರತಿ ಅಂದ್ರೀ ನೋಡ್ರಿ, ಅದೇ ಫಜೀತಿ ಆಗಿದ್ದು" ಎಂದು ಸಾಹೇಬರು ಮಾತನ್ನು ಬೇರೆ ಕಡೆ ತಿರುಗಿಸಿದರು. "ಬೆಂಗಳೂರಿನವರು ಇದನ್ನ ಕೈಯಾಗ ಹಿಡದು ನೋಡ್ತಾರ. ನಮ್ಮ ಕಡಿ ಮಂದಿ ಬೆಳ್ಳಗ ಗುಮ್ಮಟಾ ಕಂಡ ಕೂಡ್ಲೇ ನೆಕ್ಕತಾರ! ಅಫಜಲಪುರದಿಂದ ಒಬ್ಬಾಕಿ ಮುದುಕಿ ಬಂದಿದ್ಲು, ಅರ್ಧಾ ತಾಸು ಚೀಪಿ, 'ಪಾಕ ಸರಿ ಆಗಿಲ್ಲ ನಿಮ್ಮದು' ಅಂತ ಅಲ್ಲೇ ಇಟ್ಟು ಹೋದ್ಲು. ನೆಕ್ಕಿದ್ದನ್ನ ನಾ ಯಾರಿಗೆ ಮಾರ್ಲಿ?"

"ಸಾಹೇಬ್ರ. ಇನ್ನರ್ಧ?"

ಸಾಹೇಬರು ಕೂತರು.

"ಮಾರೀನಿ."

ಹೊರಗೆ ಯಾರೋ ತೋಪಿನ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. 

"ಮುಕುಂದರಾವ್ ದವಾಖಾನ್ಯಾಗಿದ್ರು. ತಿಂಗಳಿಂದ ಒಂದು ಕಾರ್ಡ್ ಸುದ್ದಾ ಹೋಗಿರಲಿಲ್ಲ. ನನ್ನ ಕಡೆ ಸಾಲ್ಯಾಗ ಕಲತ ಹಳೇ ಶಾಗಿರ್ದ ಮಕ್ಸೂದ್ ಬಂದಾ, ದರ್ಗಾದ ಹತ್ರ ರೋಜಾ ಓಣ್ಯಾಗ ಲಾಡ್ಜ್ ಅದ ಅವನದು. ಇದನ್ನ ಕಂಡು, ಮಾಸ್ಟರ್ ಸಾಬ್ ಈ ತಟ್ಟಿ ಕೊಡ್ರಿ ಅಂದಾ. ಗುಮ್ಮಟಾ ಎರಿಸಿ ತಂದವರು ಮುಕುಂದರಾವ್, ಅಚ್ಚು ಹೆಂಗಿರತದ ಅಂತ ನನಗೇನು ಗೊತ್ತು? ಹೊಸಾ ಮಾಲು ಬಂದದ ಅಂತ ತಿಳದು ಕೊಟ್ಟೆ, ಬೇಟಿ. ಖುಷಿಲೇ ಕೊಟ್ಟೆ! ಸೀದಾ ದವಾಖಾನಿಗೆ ಓಡಿ ಮುಕುಂದರಾವ್‌ಗ ಹೇಳಿದೆ, ಕಟ್ಟಿಗಿ ತಟ್ಟಿ ಒಂದು ಹೋತು, ಇನ್ನೂ ಮಾಡಸೋಣ ಅಂತ. ಅವ್ರು ಏನೋ ಹೇಳ್ಲಿಕ್ಕೆ ಹೋದ್ರು. ನಗಿ ಬಂತು. ನಕ್ಕು ನಕ್ಕು ಕೆಮ್ಮು ಹತ್ತಿತು. ನರ್ಸಬಾಯಿ ನನ್ನ ಹೊರಗ ಹಾಕಿದ್ಲು."

ಯಮುನಾಗೆ ಆ ಸಂಜೆ ನೆನಪಾಯಿತು. ಅವಳು ಗಂಜಿ ತಂದಾಗ ಮುಕುಂದ ಕಣ್ಣು ಮುಚ್ಚಿಕೊಂಡು ಒಬ್ಬನೇ ನಗುತ್ತಿದ್ದ. ಜ್ವರ ತಲೆಗೇರಿದೆ ಎಂದು ಅವಳು ಡಾಕ್ಟರನ್ನು ಕರೆದಿದ್ದಳು. ಇಷ್ಟು ದಿನ ಆ ನಗೆ ಅವಳ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಅದು ಜ್ವರದ ನಗೆಯಲ್ಲ. ಅವನು ನಿಜವಾಗಿ ನಕ್ಕಿದ್ದ.

"ನಡೀರಿ ಸಾಹೇಬ್ರ, ರೋಜಾಕ್ಕ ಹೋಗೋಣ."

ಸಾಹೇಬರು ಬದಲಿಗೆ ಕೊಡಲೆಂದು ಮೂರು ಪ್ಲಾಸ್ಟರ್ ಗುಮ್ಮಟಗಳನ್ನು ಚೀಲಕ್ಕೆ ಹಾಕಿಕೊಂಡು, ಅಂಗಡಿಗೆ ಬೀಗ ಹಾಕಿ ಆಟೋ ಕರೆದರು.

ದರ್ಗಾದ ಹಾದಿಯಲ್ಲಿ ಹೂವಿನ ಚಾದರು, ಮಿಠಾಯಿ, ಅತ್ತರಿನ ಅಂಗಡಿಗಳ ನಡುವೆ ಮಕ್ಸೂದನ ಲಾಡ್ಜು. ಒಳಗೆ ಕಾಲಿಟ್ಟೊಡನೆ ಕಂಡಿತು: ಕೌಂಟರಿನ ಮೇಲೆ, ಅರ್ಧ ಗುಮ್ಮಟದ ತುಂಬ ಹಸಿರು ಸೋಂಪು, ಮೇಲೆ ನಾಲ್ಕು ಏಲಕ್ಕಿ. ಮಕ್ಸೂದ್ ದಪ್ಪಗಿನ, ನಗುಮುಖದ ಮನುಷ್ಯ. ಮಾಸ್ಟರನ್ನು ಕಂಡು ಸಿಗರೇಟು ಹಿಂದೆ ಬಚ್ಚಿಟ್ಟ.

"ವಾಪಸ್ಸಾ? ಮಾಸ್ಟರ್ ಸಾಬ್, ಮಾರಿದ ಮಾಲು ಯಾರರೆ ವಾಪಸ್ ಕೇಳ್ತಾರೇನ್ರಿ? ಬಂದೋರೆಲ್ಲಾ ಒಂದು ಚಿಮಟಿ ಸೋಂಪು ಬಾಯಿಗಿ ಹಾಕ್ಕೊಂಡು, ಇದು ಬಹಮನಿ ಕಾಲದ್ದೇನು ಅಂತ ಕೇಳ್ತಾರ."

"ನೀ ಏನಂತಿ?"

"ಹೌದಂತೀನಿ."

"ನಾಚಿಕಿ ಇಲ್ಲೇನೋ ನಾಲಾಯಕ್! ಇತಿಹಾಸಾ ಕೆಡಸ್ತಿ?"

"ನಾನೇನು ಇತಿಹಾಸದ ಮಾಸ್ಟರೇನ್ರಿ? ನೀವು ಕಲಿಸಿದ್ದು ಡ್ರಾಯಿಂಗ್. ಅದರಾಗೂ ನಾ ಫೇಲು."

ಸಾಹೇಬರು ಚೀಲದಿಂದ ಮೂರು ಗುಮ್ಮಟ ತೆಗೆದು ಸಾಲಾಗಿ ಇಟ್ಟರು. "ಒಂದಕ್ಕ ಮೂರು. ತೊಗೋ."

ಮಕ್ಸೂದ್ ಅವನ್ನು ದೂರ ತಳ್ಳಿದ. "ಬ್ಯಾಡ. ಆವತ್ತೇ ನಿಮ್ಮ ಅಂಗಡ್ಯಾಗ ಒಂದು ನೆಕ್ಕೀನಿ. ಎರಡು ದಿನಾ ನಾಲಿಗಿ ಸುಣ್ಣಾ ಸುಣ್ಣಾ."

ಯಮುನಾ ಕೌಂಟರಿನ ಹತ್ತಿರ ಬಂದಳು. ಈಗ ತನ್ನ ಚೀಲದಿಂದ ಮೊದಲಿನ ಅರ್ಧವನ್ನು ತೆಗೆದು ಸೋಂಪಿನ ಪಕ್ಕ ಇಟ್ಟಳು.

"ಇದು ತಟ್ಟಿ ಅಲ್ಲ ಭಾಯಿ. ಸಕ್ರಿ ಆರತಿ ಅಚ್ಚು. ಎರಡೂ ಕೂಡಿದ್ರ ಒಂದು. ನಮ್ಮ ಮನಿಯವರು ಕೇಳಿ ತಂದಿದ್ರು. ಕಮಲಾಪುರದಾಗ ಇದರ ಸಲುವಾಗಿ ಒಬ್ಬಾಕಿ ಒಲಿ ಹಚ್ಚಲಾರದ ಕೂತಾಳ. ಹೆಣ್ಣಿನ ಮನಿಗೆ ಆರತಿ ಹೋಗಬೇಕು."

ಮಕ್ಸೂದ್ ಅವಳ ಬರಿ ಹಣೆಯನ್ನು ನೋಡಿದ, ಮಾಸ್ಟರ ಮುಖ ನೋಡಿದ. ಹಳೆಯ ಪೇಪರು ಹಾಸಿ ಸೋಂಪನ್ನು ಸುರಿದ. ಅಚ್ಚನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟ.

"ಮದಲೇ ಹೇಳಬೇಕಲ್ಲ ಆಪಾ. ಗೌರಿ ಹುಣ್ಣಿಮಿ ಬಂತಂದ್ರ ನಮ್ಮ ಹಿತ್ತಲ ಗೋಡಿ ಮ್ಯಾಲಿಂದ ಬಾಜೂ ಮನಿ ಅವ್ವ ಸಕ್ರಿ ಆನಿ ಕೊಡ್ತಿದ್ಲು. ಸೊಂಡಿ ಮದಲ ತಿನ್ನಬೇಕೋ ಕಾಲು ಮದಲ ತಿನ್ನಬೇಕೋ ಅಂತ ನಾನು, ನಮ್ಮಣ್ಣ ಹೊಡದಾಡಿ ಹಲ್ಲು ಮುರಕೊಂಡೀವಿ." ತುಟಿ ಎತ್ತಿ ಮುರಿದ ಹಲ್ಲನ್ನು ತೋರಿಸಿಯೂ ಬಿಟ್ಟ. "ಆದ್ರ ಮಾಸ್ಟರ್ ಸಾಬ್, ಸೋಂಪಿಗಿ ಬ್ಯಾರೆ ತಟ್ಟಿ ತಂದು ಕೊಡೋ ಜಿಮ್ಮೇದಾರಿ ನಿಮ್ಮದು. ಬಹಮನಿದೇ ಬೇಕು."

ಹಿಂತಿರುಗುವಾಗ ಆಟೋದಲ್ಲಿ ಸಾಹೇಬರು ಸಂಕೋಚದಿಂದ ಕೇಳಿದರು. "ಬೇಟಿ, ಆ ಗುಮ್ಮಟಗೋಳಿಗೆ ಒಂದು ಚೀಟಿ ಬರಕೊಡ್ತೀರೇನು? ನೀವು ಬರದ್ರ ಮಂದಿ ಓದ್ತಾರ."

ಯಮುನಾ ಅವರ ಜೇಬಿನ ಪೆನ್ನು ತೆಗೆದುಕೊಂಡು, ಕಾರ್ಡೊಂದರ ಹಿಂದೆ ಬರೆದಳು: 'ಇದು ಸಕ್ಕರೆಯಲ್ಲ. ನಾವೂ ನೆಕ್ಕಿ ನೋಡಿದ್ದೇವೆ.'

ಸಾಹೇಬರು ಓದಿ, ದಾರಿಯುದ್ದಕ್ಕೂ ಭುಜ ಅಲುಗಿಸುತ್ತ ನಕ್ಕರು.

ಸಂಜೆ ಅತ್ತೆ ಸೊಸೆ ಪಡಸಾಲೆಯಲ್ಲಿ ಕೂತು ಅಚ್ಚಿಗೆ ಮೆತ್ತಿದ ಪ್ಲಾಸ್ಟರು ತೆಗೆದರು. ಬಿಸಿನೀರಿನಲ್ಲಿ ನೆನೆಸಿಟ್ಟು, ಬೇವಿನ ಕಡ್ಡಿಯಿಂದ, ಪಿನ್ನಿನಿಂದ, ಒಂದೊಂದೇ ಗೆರೆ. ಗುಮ್ಮಟದ ಬುಡಕ್ಕೆ ಕಮಲದ ಎಸಳುಗಳಿದ್ದವು, ಒಟ್ಟು ಹದಿನಾರು. ಒಂದೆಸಳು ಬಿಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಯಮುನಾಗೆ ತಿಳಿಯಲಿಲ್ಲ, ಆದರೆ ಈ ಸಲ ತಿಳಿಯದಿದ್ದುದು ಬೆಳಗಿನ ನೀರಿನಂತೆ ಅಲ್ಲ. ಬೆರಳು ಉರಿಯುತ್ತಿದ್ದುದು ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು.

"ಏನರೆ ತಂದ್ರ ತಂದ ಹಾಂಗ ವಾಪಸ್ ಕೊಟ್ಟವನೇ ಅಲ್ಲ ಅವಾ" ಎಂದರು ಜಾನಕೀಬಾಯಿ, ಕನ್ನಡಕ ಏರಿಸಿ ಎಸಳಿನ ಸಂದಿಯನ್ನು ಚುಚ್ಚುತ್ತ. "ಸಣ್ಣಾಂವ ಇದ್ದಾಗ ಬಾಜೂ ಮನಿಯವರ ಕೊಡೀ ತಂದು, ಬ್ಯಾಸಿಗ್ಯಾಗ ಗಾಳೀಪಟಾ ಮಾಡಿದ್ದಾ. ಮಳಿಗಾಲದಾಗ ಅವರಿಗೆ ಕಡ್ಡಿ ಅಷ್ಟೇ ಕೊಟ್ಟು ಬಂದೆ ನಾ."

ಎರಡೂ ಅರ್ಧಗಳನ್ನು ಜೋಡಿಸಿ ನೋಡಿದರು. ಕೂಡಿದವು. ಒಳಗಿನಿಂದ ಸೋಂಪು, ಏಲಕ್ಕಿಯ ವಾಸನೆ ಬಂತು.

"ಇಷ್ಟಕ್ಕ ಆಗಲಿಲ್ಲ" ಎಂದರು ಜಾನಕೀಬಾಯಿ. "ಮಂದಿ ಮನಿ ಭಾಂಡೆ ಖಾಲಿ ಕೊಡಬಾರದು. ಒಳಗ ಏನರೆ ಹಾಕಿ ಕೊಡಬೇಕು. ಆದ್ರ ಈ ವರ್ಷಾ ನಮ್ಮ ಮನಿಯಿಂದ ಸಿಹಿ ಹೋಗಬಾರದಲ್ಲ."

"ಅಕ್ಕಿ?"

"ಅಕ್ಕಿ ಹಾಕಿ ಕೊಡ್ಲಿಕ್ಕೆ ಇದೇನು ಸೇರಿನ ಮಾಪೇನು?"

"ಮತ್ತ?"

ಜಾನಕೀಬಾಯಿ ಕನ್ನಡಕ ತೆಗೆದರು. ಅಚ್ಚನ್ನು ಸೊಸೆಯ ಮುಂದೆ ಸರಿಸಿ, "ತರಾಂವ ತಂದಾ. ಕೊಡಾಕಿ ನೀ. ನೀನೇ ನೋಡು" ಎಂದು ದೀಪ ಹಚ್ಚಲು ಎದ್ದರು.

ಮರುದಿನ ಬೆಳಿಗ್ಗೆ ಯಮುನಾ ಕಮಲಾಪುರದ ಮೇಲೆ ಹೋಗುವ ಬೀದರಿನ ಬಸ್ಸು ಹತ್ತಿದಳು. ಅಚ್ಚು ನೂಲಿನಿಂದ ಬಿಗಿದು, ಬಿಳಿ ಪಂಜೆಯಲ್ಲಿ ಸುತ್ತಿ ಅವಳ ತೊಡೆಯ ಮೇಲಿತ್ತು. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಬಾಗಿಲಲ್ಲೇ ದೌಲಪ್ಪನಿಗೆ ಕೊಟ್ಟು ತಿರುಗಿಬಿಟ್ಟರೆ? ಶುಭದ ಮನೆಗೆ ತಾನು ಕಾಲಿಡದಿದ್ದರೇ ಒಳ್ಳೆಯದಲ್ಲವೇ?

ಆದರೆ ದೌಲಪ್ಪ ಹೊಲಕ್ಕೆ ಹೋಗಿದ್ದ. ಅಂಗಳದಲ್ಲಿ ಒಲೆ ಹೂಡಿ, ಪಕ್ಕಕ್ಕೆ ದೊಡ್ಡ ಕಡಾಯಿ ಬೋರಲು ಹಾಕಿ, ಎಪ್ಪತ್ತರ ರೇವಮ್ಮ ಕಟ್ಟಿಗೆಯ ಆನೆಗಳನ್ನೂ ಒಂಟೆಗಳನ್ನೂ ನೀರಲ್ಲಿ ನೆನೆಸುತ್ತ ಕೂತಿದ್ದಳು.

"ಯಾರವ್ವಾ?"

"ಕಲಬುರ್ಗಿಯಿಂದ ಬಂದೀನ್ರಿ. ಮುಕುಂದರಾವ್ ಮಾಸ್ತರ ಮನಿಯಾಕಿ."

ರೇವಮ್ಮ ಮೊಣಕಾಲು ಹಿಡಿದು ಎದ್ದಳು. ಅಷ್ಟರಲ್ಲಿ ಒಳಗಿನಿಂದ ದೌಲಪ್ಪನ ಹೆಂಡತಿ ಮಲ್ಕಮ್ಮ ಬಂದು, ಯಮುನಾಳನ್ನು ಕಂಡು ಹೊಸ್ತಿಲಲ್ಲೇ ನಿಂತು, "ಅತ್ತೀ, ಆರತಿ ಎರಿಯೋ ಹೊತ್ತಿನ್ಯಾಗ… ಹೊರಗೇ ಇಸಗೊಂಡ್ರ ಹ್ಯಾಂಗ?" ಎಂದು ಮೆಲ್ಲಗೆ ಅಂದಳು. ಯಮುನಾ ಒಂದು ಹೆಜ್ಜೆ ಹಿಂದೆ ಸರಿದಳು.

"ಯಾಕ?" ರೇವಮ್ಮ ಮೆಲ್ಲಗೇನೂ ಮಾತಾಡಲಿಲ್ಲ, ಓಣಿಯ ಆ ತುದಿಯ ನಾಯಿ ಬೊಗಳಿತು. "ನಿನ್ನ ಮದಿವಿ ಆರತಿ ಎರದಾಕಿ ಯಾರು? ನಾನೇ ಅಲ್ಲೇನು? ಆಗ ನಿನ್ನ ಮಾಂವ ಸತ್ತು ಆರು ವರ್ಷಾ ಆಗಿತ್ತು. ಗಂಡ ಇಲ್ದಾಕಿ ಎರದಾಳಂತ ಸಕ್ರಿಗಿ ಗೊತ್ತಾತೇನು? ಆ ಗುಮ್ಮಟಾ ಒಬ್ಬಾಕಿನೇ ತಿಂದು, ಮರುದಿನಾ ಹೊಟ್ಟಿ ಹಿಡಕೊಂಡು ಕುಂತಿದ್ದಿ, ಅಷ್ಟೇ ಆದದ್ದು!"

ಮಲ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗೆ ಮಾತ್ರ ಹೊರಗೆ ಬಂತು.

"ಮಣಿ ಹಾಕು. ಚಾ ಇಡು. ಬಾರವ್ವಾ ಮಗಳ, ಒಲಿ ಕಡಿ ಬಾ."

ಯಮುನಾ ಮಣೆಯ ಮೇಲೆ ಕೂತು ಪಂಜೆ ಬಿಚ್ಚಿದಳು. ಅಚ್ಚನ್ನು ರೇವಮ್ಮ ತಿರುಗಿಸಿ ನೋಡಿದಳು, ಎಸಳುಗಳ ಮೇಲೆ ಬೆರಳಾಡಿಸಿದಳು, ಮೂಗಿನ ಹತ್ತಿರ ಹಿಡಿದಳು.

"ಎಲ್ಲೆಲ್ಲಿ ತಿರಗ್ಯಾಡಿ ಬಂದದ ಇದು? ಲಗ್ನದ ಊಟಾ ಉಂಡಂಗ ವಾಸನಿ ಬರಾಕತ್ತದ."

ಯಮುನಾ ಹೇಳಿದಳು. ಪ್ಲಾಸ್ಟರು, ಅಫಜಲಪುರದ ಮುದುಕಿ, ಮಕ್ಸೂದನ ಸೋಂಪು, ಆಸ್ಪತ್ರೆಯ ನಗೆ. ಹದಿನೈದು ದಿನಗಳಲ್ಲಿ ಅವಳು ಇಷ್ಟು ಮಾತಾಡಿರಲಿಲ್ಲ. ರೇವಮ್ಮ ನಕ್ಕು ಕಣ್ಣು ಒರೆಸಿಕೊಂಡಳು. ನಗೆಯದೋ, ಇನ್ನಾವುದರದೋ. ಆಮೇಲೆ ನೂಲು ಬಿಚ್ಚಿದಳು.

ಎರಡು ಅರ್ಧಗಳು ಬೇರೆಯಾದೊಡನೆ ಒಳಗೆ ಒತ್ತಿ ತುಂಬಿದ್ದ ಸಕ್ಕರೆ ಅವಳ ಉಡಿಗೆ ಜಾರಿತು. ಬರೀ ಸಕ್ಕರೆ, ಮನೆಯ ಡಬ್ಬಿಯದು.

"ಖಾಲಿ ಕೊಡಬಾರದಂತ…" ಯಮುನಾ ತಡವರಿಸಿದಳು. "ನಮ್ಮ ಮನ್ಯಾಗ ಈಗ ಸಿಹಿ ಕೊಡಬಾರದು. ನನಗ ಮತ್ತೇನೂ ಹೊಳಿಲಿಲ್ರಿ. ಬ್ಯಾಡಾದ್ರ ಇರುವಿಗೆ ಹಾಕಿಬಿಡ್ರಿ."

ರೇವಮ್ಮ ಕಡಾಯಿಯನ್ನು ಮೇಲ್ಮುಖ ಮಾಡಿ ಒಲೆಯ ಮೇಲೆ ಇಟ್ಟಳು. ಉಡಿಯ ಸಕ್ಕರೆಯನ್ನು ಒಂದು ಕಾಳೂ ಬಿಡದಂತೆ ಕೊಡವಿ ಎಲ್ಲಕ್ಕಿಂತ ಮೊದಲು ಅದನ್ನೇ ಒಳಗೆ ಸುರಿದಳು. ಅದರ ಮೇಲೆ ತನ್ನ ಮನೆಯ ಸಕ್ಕರೆ, ನೀರು, ಎರಡು ಚಮಚ ಹಾಲು. ಮಲ್ಕಮ್ಮ ಒಲೆಗೆ ಬೆಂಕಿ ಹಚ್ಚಿದಳು.

ಅಚ್ಚಿನ ಎರಡೂ ಅರ್ಧಗಳು ಮತ್ತೆ ಯಮುನಾಳ ಕೈಗೆ ಬಂದವು. "ಕೂಡಿಸಿ ಕೊಡು. ಕೊಟ್ಟೀನಿ ಅಂತ ಬಾಯಿಲೆ ಹೇಳಿ ಕೊಡು. ಅಂದ್ರ ಒಯ್ದಾಂವಗ ಮುಟ್ಟತದ."

ಯಮುನಾ ಕೂಡಿಸಿದಳು. ಎಸಳಿಗೆ ಎಸಳು ಕೂತಿತು. ಕಣ್ಣು ತುಂಬಿ ಬಂತು. ಅವಳು ಒರೆಸಿಕೊಳ್ಳಲಿಲ್ಲ, ಕೈ ಖಾಲಿ ಇರಲಿಲ್ಲ.

"ಮುಕುಂದ ಒಯ್ದಿದ್ರು" ಎಂದಳು. "ವಾಪಸ್ ಕೊಟ್ಟೀನಿ."

ರೇವಮ್ಮ ಎರಡೂ ಕೈ ನೀಡಿ ತೆಗೆದುಕೊಂಡಳು.

"ಮುಟ್ಟಿತವ್ವಾ" ಎಂದಳು.